ಬಸುರಿಗೆ ಬೇಕಾದ ಮಾತ್ರೆ ಯಾವುದು?

ಎಚ್.ಡಿ. ಕೋಟೆಯಿಂದ ಕಾಕನಕೋಟೆ ಕಾಡಿನ ಕಡೆ ಹೋಗುವ ರಸ್ತೆಯಲ್ಲಿ ಅಂತರಸಂತೆ ಹೋಬಳಿ ಕೇಂದ್ರ. ಸುತ್ತಲಿನ ಊರು, ಹಾಡಿಗಳ ಬಸುರಿಯರು ತಾಯಿ ಕಾರ್ಡ್ ಮಾಡಿಸುವುದು ಇಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಇಲ್ಲವೇ ಅದರ ಉಪಕೇಂದ್ರಗಳಲ್ಲಿ. ಕಾರ್ಡಿನ ಜೊತೆಗೆ ಕೆಂಪು ಮಾತ್ರೆಯ ಹಾಳೆಗಳು ಕೈಗೆ ಬರುತ್ತವೆ. ಸ್ಕ್ಯಾನಿಂಗ್‌ಗೆಂದು ಕೋಟೆಗೋ ಮೈಸೂರಿಗೋ ಹೋದಾಗ ಖಾಸಗಿ ಡಾಕ್ಟರು ಇನ್ನೊಂದು ಚೀಟಿ ಬರೆಯುತ್ತಾರೆ. ಮಗಳು ಬಸುರಿ ಎಂದು ಗೊತ್ತಾದ ತವರಿನವರು ಬಣ್ಣದ ಡಬ್ಬಿಯೊಂದನ್ನು ತಂದುಕೊಡುತ್ತಾರೆ. ಮೆಡಿಕಲ್ ಶಾಪಿನವನು ‘ಇದು ಬುದ್ಧಿಗೆ, ಇದು ಮೂಳೆಗೆ’ ಎಂದು ಮತ್ತೊಂದೆರಡು ಸೇರಿಸುತ್ತಾನೆ. ಐದನೇ ತಿಂಗಳಿಗೆ ಬರುವಷ್ಟರಲ್ಲಿ ಮನೆಯಲ್ಲಿ ನಾಲ್ಕೈದು ಬಗೆ ಸೇರಿರುತ್ತವೆ. ಯಾವುದನ್ನು ನುಂಗಬೇಕು, ಯಾವುದನ್ನು ಬಿಡಬೇಕು, ಯಾವುದು ಯಾವುದರ ಜೊತೆ ಸೇರುವುದಿಲ್ಲ ಎಂದು ಕೂರಿಸಿಕೊಂಡು ಹೇಳುವವರು ಮಾತ್ರ ಸಿಕ್ಕಿರುವುದಿಲ್ಲ.

ಪರಿಣಾಮ ಏನಾಗಿದೆ ಎಂಬುದು ಸರ್ಕಾರದ ಲೆಕ್ಕದಲ್ಲೇ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ಶೇ 45.7 ಮಂದಿಗೆ ರಕ್ತಹೀನತೆ. ಅದಕ್ಕೆ ನಾಲ್ಕು ವರ್ಷ ಹಿಂದಿನ ಸಮೀಕ್ಷೆಯಲ್ಲೂ ಹೆಚ್ಚುಕಡಿಮೆ ಇಷ್ಟೇ ಇತ್ತು. ಬಸುರಿನಲ್ಲಿ ಕನಿಷ್ಠ 180 ದಿನ ಕಬ್ಬಿಣಾಂಶದ ಮಾತ್ರೆ ನುಂಗಬೇಕು ಎಂಬುದು ನಿಯಮ; ಇಡೀ ದೇಶದಲ್ಲಿ ಅದನ್ನು ಪೂರೈಸಿದವರು ಶೇ 26 ಮಾತ್ರ. ಮಾತ್ರೆ ಪುಕ್ಕಟೆ, ಮನೆ ಬಾಗಿಲಿಗೆ ಆಶಾ ಕಾರ್ಯಕರ್ತೆ ಬರುತ್ತಾರೆ, ಆದರೂ ನಾಲ್ವರಲ್ಲಿ ಮೂವರು ನಡುವೆಯೇ ಬಿಟ್ಟಿದ್ದಾರೆ. ‘ಯಾವ ಕಂಪನಿಯದು ಒಳ್ಳೇದು?’ ಎಂದು ಕೇಳುವ ಮೊದಲು ನಾವು ಯೋಚಿಸಬೇಕಾದದ್ದು ಈ ಮೂವರ ಬಗ್ಗೆ.

ಕೆಂಪು ಮಾತ್ರೆಯನ್ನೇ ಮೊದಲು ನೋಡೋಣ. 2018ರಲ್ಲಿ ಶುರುವಾದ ‘ಅನೀಮಿಯಾ ಮುಕ್ತ ಭಾರತ’ ಕಾರ್ಯಕ್ರಮದಡಿ ಗರ್ಭಿಣಿಗೆ ಕೊಡುವುದು ಸಕ್ಕರೆ ಲೇಪವಿರುವ ಕೆಂಪು ಮಾತ್ರೆ. ಒಂದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೊಗ್ರಾಂ ಫೋಲಿಕ್ ಆಮ್ಲ. ನಾಲ್ಕನೇ ತಿಂಗಳಿಂದ ದಿನಕ್ಕೊಂದು. ರಕ್ತ (ಹಿಮೋಗ್ಲೋಬಿನ್) 11 ಪಾಯಿಂಟಿಗಿಂತ ಕಡಿಮೆಯಿದ್ದರೆ ದಿನಕ್ಕೆರಡು. 7ಕ್ಕಿಂತ ಕೆಳಗಿಳಿದರೆ ಮಾತ್ರೆಯನ್ನು ನಂಬಿ ಕೂರುವ ಹಾಗಿಲ್ಲ. ಆಸ್ಪತ್ರೆಯಲ್ಲಿ ನರದ ಮೂಲಕ ಕಬ್ಬಿಣಾಂಶ ಕೊಡಬೇಕು, ಕೆಲವರಿಗೆ ರಕ್ತವನ್ನೇ ಏರಿಸಬೇಕು.

ಖಾಸಗಿ ಅಂಗಡಿಯಲ್ಲಿ ಸಿಗುವ ಹಾಳೆಯ ಹಿಂಬದಿಯನ್ನು ಓದಿದರೆ ಬೇರೆ ಬೇರೆ ಹೆಸರು ಕಾಣುತ್ತವೆ: ಫೆರಸ್ ಸಲ್ಫೇಟ್, ಫೆರಸ್ ಫ್ಯೂಮರೇಟ್, ಫೆರಸ್ ಆಸ್ಕಾರ್ಬೇಟ್. ಇವೆಲ್ಲ ಕಬ್ಬಿಣದ ಲವಣಗಳು. ಲವಣದ ತೂಕ ಬೇರೆ, ಅದರೊಳಗಿನ ಕಬ್ಬಿಣದ ತೂಕ ಬೇರೆ. ಸುಮಾರು 200 ಮಿಲಿಗ್ರಾಂ ಫೆರಸ್ ಸಲ್ಫೇಟ್‌ನಲ್ಲಿ ಮೈಗೆ ಲೆಕ್ಕವಾಗುವ ಕಬ್ಬಿಣ 60ರ ಆಸುಪಾಸು. ‘ಎಲಿಮೆಂಟಲ್ ಐರನ್’ ಎಂದು ಹಾಳೆಯ ಮೇಲೆ ಬರೆದಿರುವ ಸಂಖ್ಯೆಯೇ ನೋಡಬೇಕಾದ ಸಂಖ್ಯೆ. ಹಲವು ಬ್ರ್ಯಾಂಡ್‌ಗಳಲ್ಲಿ ಅದು 100 ಇರುತ್ತದೆ. ಹೆಚ್ಚಿದ್ದರೆ ಹೆಚ್ಚು ಒಳ್ಳೆಯದು ಎಂದುಕೊಳ್ಳುವುದು ತಪ್ಪು. ಕರುಳು ಒಂದು ಹೊತ್ತಿಗೆ ಹೀರಿಕೊಳ್ಳುವುದು ಸ್ವಲ್ಪವನ್ನೇ. ಉಳಿದದ್ದು ಹೊಟ್ಟೆ ಉರಿ, ವಾಕರಿಕೆ, ಮಲಬದ್ಧತೆಯಾಗಿ ಕಾಡುತ್ತದೆ. ರಕ್ತ ಸರಿಯಾಗಿಯೇ ಇರುವ ಬಸುರಿಗೆ ಕೆಂಪು ಮಾತ್ರೆಯ 60 ಸಾಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಮಾಣವೂ 30ರಿಂದ 60 ಮಿಲಿಗ್ರಾಂ. ಅಂತರಸಂತೆಯ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುವ ಮಾತ್ರೆ ಬಡವರ ಪಾಲಿನ ಎರಡನೇ ದರ್ಜೆಯ ಮಾತ್ರೆ ಅಲ್ಲ.

ಇಲ್ಲಿಯೇ ಒಂದು ಅಪಾಯವಿದೆ. ಸರ್ಕಾರಿ ಹಾಳೆ, ಖಾಸಗಿ ಹಾಳೆ ಎರಡನ್ನೂ ಇಟ್ಟುಕೊಂಡ ಹೆಣ್ಣುಮಗಳಿಗೆ ಎರಡರಲ್ಲೂ ಇರುವುದು ಒಂದೇ ವಸ್ತು ಎಂದು ಗೊತ್ತಿರುವುದಿಲ್ಲ. ಎರಡನ್ನೂ ನುಂಗುತ್ತಾಳೆ. ನಾಲ್ಕು ದಿನಕ್ಕೆ ಹೊಟ್ಟೆ ತೊಳಸುತ್ತದೆ. ಐದನೇ ದಿನ ಎರಡನ್ನೂ ಬಿಡುತ್ತಾಳೆ. ‘ಮಾತ್ರೆ ನುಂಗುದ್ರೆ ವಾಂತಿ ಬಂದಂಗಾಯ್ತದೆ ಕನಕ್ಕ’ ಎಂದು ಆಶಾಗೆ ಹೇಳುವವರಲ್ಲಿ ಹೀಗೆ ಎರಡೆರಡು ನುಂಗಿದವರೂ ಇರುತ್ತಾರೆ. ತಪಾಸಣೆಗೆ ಹೋಗುವಾಗ ಮನೆಯಲ್ಲಿರುವ ಅಷ್ಟೂ ಹಾಳೆ, ಡಬ್ಬಿ, ಸೀಸೆಗಳನ್ನು ಚೀಲಕ್ಕೆ ಹಾಕಿಕೊಂಡು ಹೋಗಿ ಡಾಕ್ಟರ ಮೇಜಿನ ಮೇಲಿಡುವುದು ನಾಚಿಕೆಯ ವಿಷಯವಲ್ಲ. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ವಿಶೇಷ ತಪಾಸಣೆ ಇರುತ್ತದೆ. ಇಂಥದ್ದನ್ನು ಕೇಳಲೆಂದೇ ಇರುವ ದಿನ ಅದು.

ವಾಕರಿಕೆಗೆ ಪರಿಹಾರ ಮಾತ್ರೆ ಬಿಡುವುದಲ್ಲ, ಹೊತ್ತು ಬದಲಿಸುವುದು. ನಮ್ಮ ಕಡೆ ಬೆಳಗ್ಗೆ ಎದ್ದರೆ ಮೊದಲು ಟೀ. ಟೀ ಲೋಟ ಕೈಯಲ್ಲಿರುವಾಗಲೇ ಮಾತ್ರೆ ನೆನಪಾಗಿ ಅದರ ಜೊತೆಗೇ ನುಂಗುವವರಿದ್ದಾರೆ. ಟೀ, ಕಾಫಿಯಲ್ಲಿರುವ ಒಗರು ಅಂಶ ಕಬ್ಬಿಣವನ್ನು ಕರುಳಿನಲ್ಲೇ ಹಿಡಿದುಕೊಳ್ಳುತ್ತದೆ, ರಕ್ತಕ್ಕೆ ಹೋಗಬಿಡುವುದಿಲ್ಲ. ಹಾಲಿನ ಜೊತೆಗೂ ಇದೇ ಕಷ್ಟ. ರಾತ್ರಿ ಊಟವಾಗಿ ಒಂದು ಗಂಟೆ ಬಿಟ್ಟು, ಮಲಗುವ ಮುಂಚೆ ನೀರಿನಲ್ಲಿ ನುಂಗಿದರೆ ವಾಕರಿಕೆ ನಿದ್ದೆಯಲ್ಲಿ ಕಳೆದುಹೋಗುತ್ತದೆ. ನೀರಿಗೆ ಅರ್ಧ ಹೋಳು ನಿಂಬೆ ಹಿಂಡಿಕೊಂಡರೆ, ಇಲ್ಲವೇ ಕಾಡಂಚಿನಲ್ಲಿ ಸಿಗುವ ಬೆಟ್ಟದ ನೆಲ್ಲಿಕಾಯಿ ಒಂದನ್ನು ಅಗಿದರೆ, ಅದರ ಸಿ ವಿಟಮಿನ್ ಕಬ್ಬಿಣವನ್ನು ಮೈಗೆ ಸೇರಿಸುತ್ತದೆ. ಮಲ ಕಪ್ಪಗೆ ಹೋದರೆ ಹೆದರಬೇಕಿಲ್ಲ. ಹೀರದೆ ಉಳಿದ ಕಬ್ಬಿಣದ ಬಣ್ಣ ಅದು. ಮಾತ್ರೆಯಿಂದ ಮಗು ಕಪ್ಪಾಗುತ್ತದೆ, ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬ ಮಾತುಗಳಿಗೆ ಯಾವ ಆಧಾರವೂ ಇಲ್ಲ. ಮಗುವಿನ ಬಣ್ಣ ಬರುವುದು ತಂದೆತಾಯಿಯರಿಂದ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಕೆಂಪಗೆ, ಸಿಹಿಯಾಗಿರುವ ಈ ಮಾತ್ರೆ ಮಕ್ಕಳ ಕಣ್ಣಿಗೆ ಪೆಪ್ಪರ್‌ಮಿಂಟು. ಎರಡು ಮೂರು ವರ್ಷದ ಮಗು ಒಂದು ಹಿಡಿ ನುಂಗಿದರೆ ಜೀವಕ್ಕೇ ಅಪಾಯ. ಮೊದಲ ಮಗುವಿರುವ ಮನೆಯಲ್ಲಿ ಹಾಳೆಯನ್ನು ಎತ್ತರದಲ್ಲಿ, ಮುಚ್ಚಿದ ಡಬ್ಬಿಯೊಳಗೆ ಇಡಿ.

ಇಷ್ಟೆಲ್ಲ ರಕ್ತದ ಮಾತು ಏಕೆಂದರೆ, ಹೆರಿಗೆಯಲ್ಲಿ ರಕ್ತ ಹೋಗುವುದು ಇದ್ದದ್ದೇ. 11 ಇರುವವಳು ಅದನ್ನು ತಡೆದುಕೊಳ್ಳುತ್ತಾಳೆ, 7 ಇರುವವಳು ತಡೆದುಕೊಳ್ಳಲಾರಳು. ಕೋಟೆಯಿಂದ ಮೈಸೂರಿಗೆ ಸುಮಾರು 50 ಕಿಲೋಮೀಟರ್. ಬಳ್ಳೆ, ಡಿ.ಬಿ. ಕುಪ್ಪೆ ಕಡೆಯ ಹಾಡಿಗಳು ಅದಕ್ಕೂ ಎಷ್ಟೋ ಆಚೆ, ರಾತ್ರಿ ಸಂಚಾರಕ್ಕೆ ನಿರ್ಬಂಧವಿರುವ ಕಾಡಿನ ರಸ್ತೆಯ ಬದಿಯಲ್ಲಿವೆ. ನಗರದವಳಿಗೆ ಅರ್ಧ ಗಂಟೆಯಲ್ಲಿ ರಕ್ತ ಸಿಕ್ಕೀತು. ಇಲ್ಲಿಯವಳಿಗೆ ಆ ಅನುಕೂಲವಿಲ್ಲದಿರುವುದರಿಂದಲೇ ಮೈಯಲ್ಲಿ ಮೊದಲೇ ರಕ್ತ ಕೂಡಿಟ್ಟುಕೊಳ್ಳಬೇಕಾಗಿದೆ.

ಕೆಂಪು ಮಾತ್ರೆಯ ಇನ್ನೊಂದು ಅರ್ಧ ಫೋಲಿಕ್ ಆಮ್ಲ. ಇದರ ಕತೆಗೂ ನಮ್ಮ ನೆಲಕ್ಕೂ ನಂಟಿದೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಬೊಂಬಾಯಿಗೆ ಬಂದರು. ಅಲ್ಲಿನ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಬಸುರಿಯರಿಗೆ ಬರುತ್ತಿದ್ದ ಒಂದು ಬಗೆಯ ತೀವ್ರ ರಕ್ತಹೀನತೆಯನ್ನು ಅಧ್ಯಯನ ಮಾಡಿದರು. ನಡುವೆ ಬಂಡೀಪುರದ ಆಚೆಯ ನೀಲಗಿರಿಯ ಕೂನೂರಿನಲ್ಲೂ ಪ್ರಯೋಗ ನಡೆಸಿದರು. ಆ ಕಾಯಿಲೆ ಅಗ್ಗದ ಯೀಸ್ಟ್ ಸಾರದಿಂದ ಗುಣವಾಗುವುದನ್ನು 1931ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿದ್ದದ್ದು ಫೋಲೇಟ್ ಎಂದು ತಿಳಿದದ್ದು ಹತ್ತು ವರ್ಷದ ಮೇಲೆ. ಇಂದು ಜಗತ್ತಿನ ಬಸುರಿಯರೆಲ್ಲ ನುಂಗುವ ಮಾತ್ರೆ ನಮ್ಮ ದೇಶದ ಕೂಲಿ ಹೆಂಗಸರ ರಕ್ತದಿಂದ ಕಲಿತ ಪಾಠ.

ಮುಂದೆ 1991ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ ಇನ್ನೊಂದು ಸತ್ಯವನ್ನು ಹೊರಗಿಟ್ಟಿತು. ಮಿದುಳು, ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದ ಮಗುವನ್ನು ಒಮ್ಮೆ ಹೆತ್ತ ತಾಯಿ ಮುಂದಿನ ಬಸುರಿಗೆ ಮೊದಲೇ ಫೋಲಿಕ್ ಆಮ್ಲ ಶುರು ಮಾಡಿದರೆ, ಆ ದೋಷ ಮರುಕಳಿಸುವುದು ಶೇ 72ರಷ್ಟು ತಗ್ಗಿತು. ಆದರೆ ಮಗುವಿನ ಬೆನ್ನುಹುರಿ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ 28 ದಿನದೊಳಗೆ. ಎಷ್ಟೋ ಹೆಣ್ಣುಮಕ್ಕಳಿಗೆ ಆ ಹೊತ್ತಿಗೆ ತಾನು ಬಸುರಿ ಎಂಬುದೇ ತಿಳಿದಿರುವುದಿಲ್ಲ. ‘ಮೂರು ತಿಂಗಳು ತುಂಬಲಿ, ಆಮೇಲೆ ಹೇಳೋಣ’ ಎಂದು ಸುದ್ದಿ ಮುಚ್ಚಿಡುವ ರೂಢಿಯೂ ನಮ್ಮಲ್ಲಿದೆ. ನಾಲ್ಕನೇ ತಿಂಗಳಿಗೆ ತಾಯಿ ಕಾರ್ಡ್ ಮಾಡಿಸಿ ಮಾತ್ರೆ ಶುರು ಮಾಡಿದರೆ ರಕ್ತಕ್ಕೆ ಒಳ್ಳೆಯದಾಗುತ್ತದೆ, ಆ ದೋಷ ತಡೆಯುವ ಗಳಿಗೆ ಮಾತ್ರ ಕಳೆದಿರುತ್ತದೆ. ಆದ್ದರಿಂದ ಮದುವೆಯಾಗಿ ಮಗು ಬೇಕೆಂದು ನಿರ್ಧರಿಸಿದ ದಿನದಿಂದಲೇ ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಮ್ಲ ತೆಗೆದುಕೊಳ್ಳಬೇಕು. ಸರ್ಕಾರದ ಕಾರ್ಯಕ್ರಮದಲ್ಲೇ ಇದಕ್ಕೆ ಅವಕಾಶವಿದೆ. ಆಶಾ ಕಾರ್ಯಕರ್ತೆಯನ್ನು ಕೇಳಲು ಸಂಕೋಚಪಡುವ ಹೊಸ ಸೊಸೆಯ ಪರವಾಗಿ ಅತ್ತೆಯೇ ಕೇಳಬಹುದು. ಹಿಂದೆ ಇಂಥ ಮಗು ಹುಟ್ಟಿದ್ದರೆ, ಮೂರ್ಛೆ ರೋಗಕ್ಕೆ ಔಷಧ ನಡೆಯುತ್ತಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ ಹೆಚ್ಚಿನ ಪ್ರಮಾಣ ಬೇಕಾಗಬಹುದು. ಅದನ್ನು ವೈದ್ಯರೇ ಹೇಳಬೇಕು.

ಇನ್ನು ನಾನು ಈ ಅಂಕಣವನ್ನು ಬರೆಯಲು ಮುಖ್ಯ ಕಾರಣವಾದ ಸಂಗತಿ. ಕೆಂಪು ಮಾತ್ರೆಯಲ್ಲಿ ಇಲ್ಲದ ಒಂದು ವಿಟಮಿನ್ ಇದೆ: ಬಿ12. ಅದು ನಮ್ಮ ಜಿಲ್ಲೆಯ ಹೆಣ್ಣುಮಕ್ಕಳಿಗೆ ಎಷ್ಟು ಕೊರತೆಯಾಗಿದೆ ಎಂದು ತೋರಿಸಿಕೊಟ್ಟದ್ದು ಮೈಸೂರಿನದೇ ಅಧ್ಯಯನ.

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಜನ ಕರೆಯುವುದು ಮಿಷನ್ ಆಸ್ಪತ್ರೆ ಎಂದು. 1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದಗಳನ್ನು ಬರೆದಿಟ್ಟ ದಾಖಲೆ ಪುಸ್ತಕಗಳು ಜಗತ್ತಿನ ಸಂಶೋಧಕರ ಗಮನ ಸೆಳೆದವು. 1997–98ರಲ್ಲಿ ಅಲ್ಲಿಗೆ ತಪಾಸಣೆಗೆ ಬರುತ್ತಿದ್ದ ಬಸುರಿಯರನ್ನು ಸೇರಿಸಿಕೊಂಡು ‘ಮೈಸೂರು ಪಾರ್ಥೆನಾನ್ ಅಧ್ಯಯನ’ ಶುರುವಾಯಿತು. ಡಾ. ಜಿ.ವಿ. ಕೃಷ್ಣವೇಣಿ, ಡಾ. ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು ಆ ತಾಯಂದಿರನ್ನೂ ಅವರ ಮಕ್ಕಳನ್ನೂ ವರ್ಷಗಟ್ಟಲೆ ಹಿಂಬಾಲಿಸಿದರು. 2009ರಲ್ಲಿ ಅವರು ಪ್ರಕಟಿಸಿದ ವರದಿಯ ಪ್ರಕಾರ, ಬಸುರಿನ 30ನೇ ವಾರದ ಹೊತ್ತಿಗೆ ತೆಗೆದ ರಕ್ತದಲ್ಲಿ ಫೋಲೇಟ್ ಕಡಿಮೆಯಿದ್ದವರು ಶೇ 4 ಮಾತ್ರ. ಬಿ12 ಕಡಿಮೆಯಿದ್ದವರು ಶೇ 43. ಬಿ12 ಕೊರತೆ ಇದ್ದವರಲ್ಲಿ ಬಸುರಿನ ಸಕ್ಕರೆ ಕಾಯಿಲೆ ಶೇ 8.7, ಇಲ್ಲದವರಲ್ಲಿ ಶೇ 4.6. ಕೊರತೆಯವರಲ್ಲಿ ಮೈತೂಕವೂ ಹೆಚ್ಚಿತ್ತು. ಹಾಗಾಗಿ ಸಕ್ಕರೆಗೆ ಬಿ12 ಒಂದೇ ಕಾರಣ ಎಂದು ಹೇಳಿಬಿಡಲಾಗದು. ಕೊರತೆ ಇತ್ತು ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ. ಅದೇ ಆಸ್ಪತ್ರೆಯ ಇನ್ನೊಂದು ವರದಿಯಲ್ಲಿ ಮೂವರಲ್ಲಿ ಇಬ್ಬರು ಬಸುರಿಯರಿಗೆ ಡಿ ವಿಟಮಿನ್ ಕಡಿಮೆ ಇದ್ದದ್ದು ಕಂಡಿತು.

ಇವರು ನಗರದ ಆಸ್ಪತ್ರೆಗೆ ಬಂದವರು, ನಿಜ. ಆದರೆ ಬಿ12 ಎಲ್ಲಿಂದ ಬರುತ್ತದೆ ಎಂದು ನೋಡಿದರೆ ಹಳ್ಳಿಯ ಸ್ಥಿತಿ ಇದಕ್ಕಿಂತ ಚೆನ್ನಾಗಿರಲು ಕಾರಣ ಕಾಣುವುದಿಲ್ಲ. ಸೊಪ್ಪಿನಲ್ಲಿ ಬಿ12 ಇಲ್ಲ, ಕಾಳಿನಲ್ಲಿ ಇಲ್ಲ, ರಾಗಿಯಲ್ಲಿ ಇಲ್ಲ. ಅದು ಇರುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ. ಬಸುರಿಗೆ ದಿನಕ್ಕೆ ಬೇಕಾದದ್ದು ಸುಮಾರು ಎರಡೂವರೆ ಮೈಕ್ರೊಗ್ರಾಂ. ಒಂದು ಮೊಟ್ಟೆಯಿಂದ ಬರುವುದು ಸುಮಾರು ಅರ್ಧ, ಒಂದು ಲೋಟ ಹಾಲಿನಿಂದ ಅಷ್ಟೇ ಅಥವಾ ತುಸು ಹೆಚ್ಚು. ಬೆಳಗ್ಗೆ ಕರೆದ ಹಾಲನ್ನೆಲ್ಲ ಡೇರಿಗೆ ಹಾಕಿ ಟೀಗಷ್ಟೇ ಉಳಿಸಿಕೊಳ್ಳುವ ಮನೆಯಲ್ಲಿ ಹಸು ಇದ್ದೂ ಬಸುರಿಯ ಪಾಲಿಗೆ ಬಿ12 ಇಲ್ಲ. ಮಾಂಸಾಹಾರಿಗಳ ಮನೆಯಲ್ಲೂ ಬಾಡೂಟ ಹಬ್ಬಕ್ಕೆ, ಭಾನುವಾರಕ್ಕೆ. ಕಾಡಂಚಿನ ಜೇನುಕುರುಬ, ಬೆಟ್ಟಕುರುಬ, ಎರವರ ಊಟವಂತೂ ಎರಡು ತಲೆಮಾರಿನಲ್ಲಿ ಬದಲಾಗಿಹೋಗಿದೆ. 1972ರ ವನ್ಯಜೀವಿ ಕಾಯ್ದೆ ಬಂತು, ಕಬಿನಿ ಅಣೆಕಟ್ಟು ಬಂತು, ಹಾಡಿಗಳು ಕಾಡಿನಿಂದ ಹೊರಬಿದ್ದವು. ಗೆಣಸು, ಕಳಲೆ, ಅಣಬೆ, ಮೀನು, ಜೇನುಗಳಿದ್ದ ತಟ್ಟೆಗೆ ಪಡಿತರದ ಅಕ್ಕಿ ಬಂತು.

ಪಡಿತರದಲ್ಲಿ ಕೊಟ್ಟ ಸಾರವರ್ಧಿತ ಅಕ್ಕಿಯಲ್ಲಿ ಕಬ್ಬಿಣ, ಫೋಲಿಕ್ ಆಮ್ಲದ ಜೊತೆ ಬಿ12 ಕೂಡ ಸೇರಿಸಿದ್ದರು. ನಡುನಡುವೆ ಕಾಣುವ ಬಣ್ಣ ಬದಲಾದ ಕಾಳುಗಳನ್ನು ‘ಪ್ಲಾಸ್ಟಿಕ್ ಅಕ್ಕಿ’ ಎಂದು ಎಷ್ಟೋ ಮನೆಗಳಲ್ಲಿ ಆರಿಸಿ ಎಸೆದರು. ಏನು ಬೆರೆಸಿದ್ದೇವೆ, ಏಕೆ ಬೆರೆಸಿದ್ದೇವೆ ಎಂದು ಉಣ್ಣುವವರಿಗೆ ಮೊದಲೇ ತಿಳಿಸದಿದ್ದರೆ ಆಗುವುದು ಹೀಗೇ. ಹಾಗೆ ನೋಡಿದರೆ ಆ ಅಕ್ಕಿಯಲ್ಲಿದ್ದ ಬಿ12 ಕೂಡ ಕಿಲೋಗೆ ಒಂದು ಮೈಕ್ರೊಗ್ರಾಂನಷ್ಟು. ಬಸುರಿಯ ಕೊರತೆ ತುಂಬಲು ಅದೊಂದೇ ಸಾಲದು.

ಮಾತೃಪೂರ್ಣ ಯೋಜನೆಯನ್ನು ನಾನು ಇದೇ ಕಾರಣಕ್ಕೆ ಮೆಚ್ಚುತ್ತೇನೆ. 2017ರಲ್ಲಿ ಅದನ್ನು ರಾಜ್ಯಕ್ಕೆಲ್ಲ ವಿಸ್ತರಿಸುವ ಮೊದಲು ಪ್ರಾಯೋಗಿಕವಾಗಿ ಆರಿಸಿಕೊಂಡ ತಾಲ್ಲೂಕುಗಳಲ್ಲಿ ಎಚ್.ಡಿ. ಕೋಟೆಯೂ ಒಂದು. ಅಂಗನವಾಡಿಯಲ್ಲಿ ಬಸುರಿ, ಬಾಣಂತಿಯರಿಗೆ ಬಿಸಿಯೂಟ, ಹಾಲು, ಮೊಟ್ಟೆ, ಕಡಲೆಬೀಜದ ಚಿಕ್ಕಿ, ಊಟದ ಜೊತೆಗೆ ಮಾತ್ರೆ. ಹಾಲು, ಮೊಟ್ಟೆಯ ಆ ಪಾಲು ಕೆಂಪು ಮಾತ್ರೆಯಲ್ಲಿ ಇಲ್ಲದ್ದನ್ನು ತುಂಬುತ್ತದೆ. ‘ಅಷ್ಟು ದೂರ ನಡೆದು ಹೋಗಿ ಊಟ ಮಾಡೋದಾ’ ಎಂದು ಮನೆಯವರು ತಡೆಯಬಾರದು. ದೂರ ನಿಜವಾಗಿಯೂ ಹೆಚ್ಚಿದ್ದರೆ ಊಟವನ್ನು ಹತ್ತಿರಕ್ಕೆ ತರಿಸುವಂತೆ ಪಂಚಾಯಿತಿಯಲ್ಲಿ ಕೇಳಬೇಕು.

ಮೊಟ್ಟೆಯನ್ನೂ ತಿನ್ನದ, ಹಾಲು ಮೊಸರೂ ಕಡಿಮೆ ಬಳಸುವ ಬಸುರಿಗೆ ಬಿ12 ಮಾತ್ರೆ ಬೇಕೇ ಬೇಕು ಎಂಬುದು ನನ್ನ ಅಭಿಪ್ರಾಯ. ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬಸುರಿಯರಿಗೆ ದಿನಕ್ಕೆ 50 ಮೈಕ್ರೊಗ್ರಾಂ ಬಿ12 ಕೊಟ್ಟಾಗ ಅವರ ರಕ್ತದಲ್ಲೂ ಎದೆಹಾಲಿನಲ್ಲೂ ಮಗುವಿನಲ್ಲೂ ಅದರ ಮಟ್ಟ ಏರಿತ್ತು. ಬಸುರಿಯರಿಗೆಂದು ಮಾರುವ ಬಹುವಿಟಮಿನ್ ಮಾತ್ರೆಗೆ ದುಡ್ಡು ಕೊಡುವುದೇ ಆದರೆ, ಹಾಳೆಯ ಹಿಂಬದಿಯಲ್ಲಿ ಮೊದಲು ಹುಡುಕಬೇಕಾದದ್ದು ಬಿ12. ಅದು ಇಲ್ಲದೆ ಬೇರೆ ಇಪ್ಪತ್ತು ಹೆಸರುಗಳಿದ್ದರೂ ನಮ್ಮ ಕಡೆಯವರಿಗೆ ಅದರಿಂದ ದೊಡ್ಡ ಉಪಕಾರವಿಲ್ಲ.

ಹಾಡಿಯ ಹೆಣ್ಣುಮಕ್ಕಳಿಗೆ ಇನ್ನೊಂದು ಎಚ್ಚರ ಬೇಕು. ಜೇನುಕುರುಬ, ಬೆಟ್ಟಕುರುಬ ಮೊದಲಾದ ಸಮುದಾಯಗಳಲ್ಲಿ ಸಿಕಲ್ ಸೆಲ್ ಎಂಬ, ತಂದೆತಾಯಿಯರಿಂದ ಬರುವ ರಕ್ತದ ಕಾಯಿಲೆ ಇದೆ. ಕೆಂಪು ರಕ್ತಕಣ ಕುಡುಗೋಲಿನ ಆಕಾರಕ್ಕೆ ಬಾಗಿ ಬೇಗ ಒಡೆಯುತ್ತದೆ. ಅದನ್ನು ತಡೆಯಲು 2023ರ ಜುಲೈ 1ರಂದು ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕರ್ನಾಟಕವೂ ಸೇರಿದೆ. ಈ ಕಾಯಿಲೆ ಇರುವ ಬಸುರಿಗೂ ರಕ್ತ ಕಡಿಮೆಯೇ ಇರುತ್ತದೆ, ಆದರೆ ಕಾರಣ ಕಬ್ಬಿಣದ ಕೊರತೆ ಆಗಿರಲೇಬೇಕೆಂದಿಲ್ಲ. ಹಲವು ಸಲ ರಕ್ತ ಏರಿಸಿಕೊಂಡವಳ ಮೈಯಲ್ಲಿ ಕಬ್ಬಿಣ ಆಗಲೇ ಹೆಚ್ಚಾಗಿರಬಹುದು. ಅವಳಿಗೆ ಕಬ್ಬಿಣ ಕೊಡುವ ಮುಂಚೆ, ಮೈಯಲ್ಲಿ ಕೂಡಿರುವ ಕಬ್ಬಿಣವನ್ನು ತಿಳಿಸುವ ಫೆರಿಟಿನ್ ಪರೀಕ್ಷೆಯಾಗಬೇಕು. ಕಣಗಳು ಬೇಗ ಬೇಗ ಒಡೆದು ಹೊಸವು ಹುಟ್ಟಬೇಕಾಗುವುದರಿಂದ ಫೋಲಿಕ್ ಆಮ್ಲ ಮಾತ್ರ ಹೆಚ್ಚು ಬೇಕು. ಸಾಮಾನ್ಯವಾಗಿ ದಿನಕ್ಕೆ 5 ಮಿಲಿಗ್ರಾಂ ಬರೆಯುತ್ತಾರೆ. ‘ರಕ್ತ ಎಂಟು ಪಾಯಿಂಟ್ ಇದೆ, ಎರಡೆರಡು ಕೆಂಪು ಮಾತ್ರೆ ನುಂಗು’ ಎಂದು ಎಲ್ಲರಿಗೂ ಒಂದೇ ಮಾತು ಹೇಳಿ ಕಳಿಸುವಂತಿಲ್ಲ. ಹಾಡಿಯ ಪ್ರತಿ ಬಸುರಿಯ ತಾಯಿ ಕಾರ್ಡಿನಲ್ಲಿ ಸಿಕಲ್ ಸೆಲ್ ಪರೀಕ್ಷೆಯ ಫಲಿತಾಂಶ ಬರೆದಿರಬೇಕು. ಗಂಡನಿಗೂ ಪರೀಕ್ಷೆಯಾಗಬೇಕು, ಇಬ್ಬರಲ್ಲೂ ಆ ಗುಣವಿದ್ದರೆ ಮಾತ್ರ ಮಗುವಿಗೆ ಪೂರ್ತಿ ಕಾಯಿಲೆ ಬರುವ ಭಯ. 1984ರಲ್ಲಿ ಹುಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸರಗೂರಿನಲ್ಲಿ ನಡೆಸುತ್ತಿರುವ ಆಸ್ಪತ್ರೆ ಈ ಭಾಗದ ಆದಿವಾಸಿಗಳಿಗೆ ಬಹುಕಾಲದ ಆಸರೆ.

ಕ್ಯಾಲ್ಸಿಯಂ ವಿಚಾರದಲ್ಲಿ ನಮ್ಮವರು ಅದೃಷ್ಟವಂತರು, ರಾಗಿ ಬಿಡದಿದ್ದರೆ. 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪಟ್ಟಿ ಹೇಳುತ್ತದೆ. ಅಕ್ಕಿ ಅದರ ಹತ್ತಿರಕ್ಕೂ ಬರುವುದಿಲ್ಲ. ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಅದರಲ್ಲಿ ಒಂದು ಪಾಲನ್ನು ಹಿಡಿದುಕೊಳ್ಳುತ್ತದೆ, ಮೊಳಕೆ ಬರಿಸಿ ಹುರಿದು ಬೀಸಿದರೆ ಆ ಹಿಡಿತ ಸಡಿಲುತ್ತದೆ. ಬಸುರಿಗೆ ದಿನಕ್ಕೆ ಬೇಕಾದದ್ದು 1000 ಮಿಲಿಗ್ರಾಂ. ಮುದ್ದೆಯೊಂದರಿಂದಲೇ ಅಷ್ಟು ಬಾರದು. ಅದಕ್ಕೇ ಸರ್ಕಾರ ನಾಲ್ಕನೇ ತಿಂಗಳಿಂದ ದಿನಕ್ಕೆರಡು, ತಲಾ 500 ಮಿಲಿಗ್ರಾಂ ಕ್ಯಾಲ್ಸಿಯಂ ಮಾತ್ರೆ ಕೊಡುತ್ತದೆ. ಅದರಲ್ಲೇ 250 ಯೂನಿಟ್ ಡಿ ವಿಟಮಿನ್ ಕೂಡ ಇದೆ. ಬಸುರಿನಲ್ಲಿ ಬಿ.ಪಿ. ಏರಿ ನಂಜಾಗುವುದನ್ನು ತಗ್ಗಿಸುವುದು ಇದರ ದೊಡ್ಡ ಉಪಯೋಗ. ಬೆಂಗಳೂರಿನಲ್ಲಿ 11,000 ಬಸುರಿಯರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿನಕ್ಕೆ 500 ಮಿಲಿಗ್ರಾಂ ಪಡೆದವರೂ 1500 ಪಡೆದವರಷ್ಟೇ ಸುರಕ್ಷಿತವಾಗಿದ್ದರು. ವೈದ್ಯರು ಎರಡು ಬರೆದಿದ್ದರೆ ಎರಡನ್ನೇ ತೆಗೆದುಕೊಳ್ಳಿ. ಕೂಲಿಗೆ ಹೋದ ದಿನ ಒಂದು ತಪ್ಪಿತೆಂದು ಇನ್ನೊಂದನ್ನೂ ಬಿಟ್ಟು ಕೂರಬೇಡಿ ಎಂದು ಹೇಳಲು ಈ ಅಧ್ಯಯನ ಧೈರ್ಯ ಕೊಡುತ್ತದೆ.

ಕ್ಯಾಲ್ಸಿಯಂ ಮತ್ತು ಕಬ್ಬಿಣವನ್ನು ಒಟ್ಟಿಗೆ ನುಂಗಬಾರದು, ಒಂದು ಇನ್ನೊಂದಕ್ಕೆ ಅಡ್ಡ ಬರುತ್ತದೆ. ಕನಿಷ್ಠ ಎರಡು ಗಂಟೆ ಅಂತರವಿರಲಿ. ಬೆಳಗಿನ ಊಟದ ಜೊತೆ ಒಂದು ಕ್ಯಾಲ್ಸಿಯಂ, ಮಧ್ಯಾಹ್ನದ ಊಟದ ಜೊತೆ ಇನ್ನೊಂದು, ರಾತ್ರಿ ಮಲಗುವಾಗ ಕೆಂಪು ಮಾತ್ರೆ ಎಂದಿಟ್ಟುಕೊಂಡರೆ ಓದು ಬಾರದವರಿಗೂ ನೆನಪಿರುತ್ತದೆ. ಥೈರಾಯ್ಡ್ ಮಾತ್ರೆ ಇರುವವರು ಅದನ್ನು ಬೆಳಗ್ಗೆ ಬರಿಹೊಟ್ಟೆಯಲ್ಲಿ ನುಂಗಿ, ಅದಕ್ಕೂ ಇವೆರಡಕ್ಕೂ ನಾಲ್ಕು ಗಂಟೆ ಬಿಡುವು ಕೊಡಬೇಕು.

ಅಡುಗೆಮನೆಯ ವಿಚಾರ ಬಂದಾಗ ಬಸ್ಸಾರನ್ನು ನೆನೆಯದೆ ಮುಂದೆ ಹೋಗಲಾರೆ. ಫೋಲೇಟ್ ನೀರಿನಲ್ಲಿ ಕರಗುವ ಗುಣದ್ದು. ಸೊಪ್ಪು ಬೇಯಿಸಿ ನೀರು ಚೆಲ್ಲಿದರೆ ಅರ್ಧ ಸಾರ ಬಚ್ಚಲಿಗೆ. ಬಸ್ಸಾರಿನಲ್ಲಿ ದಂಟು, ಹೊನಗೊನೆ, ಕೀರೆಯಂಥ ಸೊಪ್ಪನ್ನು ಕಾಳಿನೊಂದಿಗೆ ಬೇಯಿಸಿ, ಬಸಿದ ಕಟ್ಟಿಗೇ ಖಾರ ಅರೆದು ಹಾಕಿ ಕುದಿಸುತ್ತಾರೆ. ಬೇಯುವಾಗ ಸೊಪ್ಪಿನಿಂದ ಹೊರಬಂದದ್ದು ಮುದ್ದೆಯ ಜೊತೆ ಹೊಟ್ಟೆಗೇ ಹೋಗುತ್ತದೆ. ಬಡಿಸುವಾಗ ಒಂದು ಹನಿ ನಿಂಬೆರಸ ಬಿದ್ದರೆ ಸೊಪ್ಪಿನ ಕಬ್ಬಿಣವೂ ಮೈಗೆ ಹತ್ತುತ್ತದೆ. ಉಪ್ಸಾರಿಗೆ ಹಾಕುವ ಕಲ್ಲುಪ್ಪಿನಲ್ಲಿ ಮಾತ್ರ ಅಯೋಡಿನ್ ಇರುವುದು ಖಾತ್ರಿಯಿಲ್ಲ. ಬಸುರಿ ಇರುವ ಮನೆಯಲ್ಲಿ ನಗುವ ಸೂರ್ಯನ ಗುರುತಿರುವ ಅಯೋಡಿನ್ ಉಪ್ಪನ್ನೇ ಬಳಸಬೇಕು. ಮಗುವಿನ ಮಿದುಳು ಬೆಳೆಯಲು ಅದು ಬೇಕು, ಅದಕ್ಕೆ ಬೇರೆ ಮಾತ್ರೆ ಬೇಕಾಗುವುದಿಲ್ಲ.

ಬೇಡವಾದವುಗಳಲ್ಲಿ ಮೊದಲನೆಯದು ಹೆಚ್ಚಿನ ಎ ವಿಟಮಿನ್. ರೆಟಿನಾಲ್ ರೂಪದ ಎ ವಿಟಮಿನ್ ದಿನಕ್ಕೆ 10,000 ಯೂನಿಟ್ ಮೀರಿದರೆ ಮೊದಲ ತಿಂಗಳುಗಳಲ್ಲಿ ಮಗುವಿನ ಅಂಗಗಳಿಗೆ ಹಾನಿ ಮಾಡಬಲ್ಲದು. ಮೀನೆಣ್ಣೆಯ ಗುಳಿಗೆ, ‘ಚರ್ಮದ ಕಾಂತಿಗೆ’ ಎಂದು ಮಾರುವ ಕ್ಯಾಪ್ಸೂಲುಗಳನ್ನು ಕೇಳದೆ ನುಂಗಬಾರದು. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಅಂತೂ ಬಸುರಿಯರಿಗೆ ನಿಷಿದ್ಧ. ರಕ್ತವಾಗಲಿ ಎಂದು ಬಸುರಿಗೆ ಪದೇ ಪದೇ ಕುರಿಯ ಈಲಿ ತಿನ್ನಿಸುವವರೂ ಇದನ್ನು ನೆನಪಿಡಬೇಕು, ಈಲಿಯಲ್ಲಿ ಎ ವಿಟಮಿನ್ ವಿಪರೀತ. ಕ್ಯಾರೆಟ್, ಪಪ್ಪಾಯಿ ಬಣ್ಣದ ತರಕಾರಿ, ಸೊಪ್ಪಿನಲ್ಲಿರುವ ರೂಪಕ್ಕೆ ಈ ದೋಷವಿಲ್ಲ. ಸಿ ಮತ್ತು ಇ ವಿಟಮಿನ್‌ಗಳನ್ನು ಪ್ರತ್ಯೇಕವಾಗಿ ಎಲ್ಲ ಬಸುರಿಯರಿಗೂ ಕೊಡಬೇಕಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಇನ್ನು ಪ್ರೋಟೀನ್ ಪುಡಿಯ ಡಬ್ಬಿ. ಅದರ ಲೇಬಲ್ಲಿನ ಮೇಲೆ ಸಕ್ಕರೆ ಎಷ್ಟಿದೆ ಎಂದು ಓದಿ ನೋಡಿ. ಒಂದು ಡಬ್ಬಿಗೆ ಕೊಡುವ ಹಣದಲ್ಲಿ ತಿಂಗಳು ಪೂರ್ತಿ ದಿನಕ್ಕೊಂದು ಮೊಟ್ಟೆ ಕೊಂಡರೂ ದುಡ್ಡು ಮಿಗುತ್ತದೆ. ಹೊಗೆಸೊಪ್ಪು ಬೆಳೆಯುವ, ಎಲೆಅಡಿಕೆಯ ಜೊತೆ ಅದನ್ನು ಅಗಿಯುವ ಈ ಸೀಮೆಯಲ್ಲಿ ಇದನ್ನೂ ಹೇಳಲೇಬೇಕು: ಬಸುರಿನಲ್ಲಿ ಹೊಗೆಸೊಪ್ಪು ಅಗಿದರೆ ಮಗುವಿನ ತೂಕ ಕುಗ್ಗುತ್ತದೆ, ಅದನ್ನು ಯಾವ ವಿಟಮಿನ್ ಮಾತ್ರೆಯೂ ಸರಿಮಾಡದು. ಮಣ್ಣು, ಬೂದಿ, ಹಸಿ ಅಕ್ಕಿ ತಿನ್ನಬೇಕೆನಿಸಿದರೆ ಬಯಕೆ ಎಂದು ಸುಮ್ಮನಾಗದೆ ರಕ್ತ ಪರೀಕ್ಷೆ ಮಾಡಿಸಿ. ಎಷ್ಟೋ ಸಲ ಅದು ಕಬ್ಬಿಣದ ಕೊರತೆಯ ಗುರುತು.

ಆರೋಗ್ಯ ಇಲಾಖೆಗೆ ನನ್ನ ಕೋರಿಕೆ ಒಂದೇ. ಮೈಸೂರಿನ ತಾಯಂದಿರು ರಕ್ತ ಕೊಟ್ಟು ತಿಳಿಸಿದ ಸಂಗತಿ ಪ್ರಕಟವಾಗಿ ವರ್ಷಗಳೇ ಕಳೆದಿವೆ. ಆದರೂ ಕೆಂಪು ಮಾತ್ರೆಯಲ್ಲಿ ಬಿ12 ಇಲ್ಲ. ಮಾತ್ರೆಯನ್ನೇ ಬದಲಿಸುವುದು ದಿಲ್ಲಿಯ ಮಾತಾದರೆ, ಹಾಲು ಮೊಟ್ಟೆ ಸಿಗದ ಬಸುರಿಯರಿಗೆ ಬಿ12 ಮಾತ್ರೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಕೊಡುವ ಏರ್ಪಾಟನ್ನು ರಾಜ್ಯವೇ ಮಾಡಬಹುದು.

ಮನೆಯವರಿಗೆ ಒಂದು ಮಾತು. ಹೆರಿಗೆಯಾದ ಕೂಡಲೇ ಎಲ್ಲರ ಗಮನ ಮಗುವಿನ ಮೇಲೆ ಹೋಗುತ್ತದೆ, ತಾಯಿಯ ಮಾತ್ರೆ ಮರೆತುಹೋಗುತ್ತದೆ. ಬಾಣಂತಿಗೆ ಸೊಪ್ಪು, ಮೊಸರು, ಹಣ್ಣು ಕೊಡದೆ ಮೆಣಸಿನ ಸಾರು ಅನ್ನದಲ್ಲಿ ಇಡುವ ಪಥ್ಯ ಅವಳನ್ನು ಇನ್ನಷ್ಟು ಬಡವಾಗಿಸುತ್ತದೆ. ಹೆರಿಗೆಯ ನಂತರವೂ 180 ದಿನ ಕೆಂಪು ಮಾತ್ರೆ, ಆರು ತಿಂಗಳು ಕ್ಯಾಲ್ಸಿಯಂ ಅವಳಿಗೆ ಸಲ್ಲಬೇಕು. ಆಸ್ಪತ್ರೆಯಿಂದ ಮನೆಗೆ ಕರೆತರುವಾಗ ಚೀಟಿಯಲ್ಲಿ ಅವೆರಡೂ ಇವೆಯೇ ಎಂದು ನೋಡಿ. ಇಲ್ಲದಿದ್ದರೆ ಅಲ್ಲೇ ಕೇಳಿ ಪಡೆಯಿರಿ.